ಉತ್ತರವಾಗಿಯೇ ಉಳಿದ ಊರು

ಡಾ. ರಾಜಕುಮಾರ್ ಅವರ ಹುಟ್ಟೂರು ಯಾವುದು? ಕನ್ನಡದ ರಸಪ್ರಶ್ನೆಗಳಲ್ಲಿ ಇದಕ್ಕಿಂತ ಸುಲಭವಾದ ಪ್ರಶ್ನೆ ಸಿಗಲಾರದು. ಟಿ.ವಿ. ಕ್ಯಾಮೆರಾದ ಎದುರು ಕುಳಿತ ಸ್ಪರ್ಧಿ ‘ಗಾಜನೂರು’ ಎನ್ನುತ್ತಾನೆ, ಚಪ್ಪಾಳೆ ಕೇಳುತ್ತದೆ, ಕಾರ್ಯಕ್ರಮ ಮುಂದಿನ ಪ್ರಶ್ನೆಗೆ ಸಾಗುತ್ತದೆ. ಗಾಜನೂರಿನ ಕೆಲಸ ಅಲ್ಲಿಗೆ ಮುಗಿಯಿತು. ಅದೇ ಸ್ಪರ್ಧಿಯನ್ನು ಒಂದು ಕ್ಷಣ ತಡೆದು, ಆ ಊರು ಯಾವ ಜಿಲ್ಲೆಯಲ್ಲಿದೆ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಶಿವಮೊಗ್ಗದ ಬಳಿ ತುಂಗಾ ನದಿಗೆ ಅಣೆಕಟ್ಟು ಕಟ್ಟಿರುವ ಇನ್ನೊಂದು ಗಾಜನೂರು ಕೆಲವರನ್ನು ದಾರಿ ತಪ್ಪಿಸಬಹುದು. ಚಾಮರಾಜನಗರ ಎಂದುಬಿಡುವವರೂ ಇದ್ದಾರು. ಕನ್ನಡದ ವರನಟನ ಊರು ಕರ್ನಾಟಕದಲ್ಲೇ ಇರಬೇಕೆಂಬ ಭಾವನೆ ಸಹಜವಾದದ್ದು. ಆದರೆ ದೊಡ್ಡಗಾಜನೂರು ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ತಾಲ್ಲೂಕಿನಲ್ಲಿ.

ಈ ಎರಡನೆಯ ಪ್ರಶ್ನೆಗೆ ನಾಲ್ಕು ಆಯ್ಕೆಗಳನ್ನು ಕೊಡಲಾಯಿತೆಂದು ಭಾವಿಸಬಹುದು: ಕೊಯಮತ್ತೂರು, ಪೆರಿಯಾರ್, ಈರೋಡು, ಚಾಮರಾಜನಗರ. ರಾಜಕುಮಾರ್ ಹುಟ್ಟಿದ 1929ರಲ್ಲಿ ಆ ಊರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1979ರಲ್ಲಿ ಕೊಯಮತ್ತೂರು ಜಿಲ್ಲೆಯನ್ನು ಒಡೆದು ಪೆರಿಯಾರ್ ಜಿಲ್ಲೆಯನ್ನು ಮಾಡಿದರು. 1996ರಲ್ಲಿ ಆ ಜಿಲ್ಲೆಯ ಹೆಸರು ಈರೋಡು ಎಂದಾಯಿತು. ಹೀಗೆ ಮೊದಲ ಮೂರು ಉತ್ತರಗಳೂ ಬೇರೆ ಬೇರೆ ಕಾಲಕ್ಕೆ ಸರಿ. ನಾಲ್ಕನೆಯದು ಯಾವ ಕಾಲಕ್ಕೂ ಸರಿಯಲ್ಲ. ಆದರೆ ತಾಳವಾಡಿಯವರಿಗೆ ಹತ್ತಿರದ ಪಟ್ಟಣ ಅದೇ. ಇನ್ನೂ ಒಂದು ಸ್ವಾರಸ್ಯವಿದೆ. ರಾಜಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನವರು. 1929ರಲ್ಲಿ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. ಮಗ ಹುಟ್ಟಿದಾಗ ಸಿಂಗಾನಲ್ಲೂರು, ಗಾಜನೂರುಗಳೆರಡೂ ಒಂದೇ ಜಿಲ್ಲೆಯ ಹಳ್ಳಿಗಳು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಕೊಳ್ಳೇಗಾಲವನ್ನು ಮೈಸೂರು ರಾಜ್ಯಕ್ಕೆ ಸೇರಿಸಿತು, ತಾಳವಾಡಿಯನ್ನು ಮದ್ರಾಸಿನಲ್ಲೇ ಉಳಿಸಿತು. ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಒಂದು ಊರಿನ ಹೆಸರಿನ ಬೆನ್ನಿಗೆ ಇಷ್ಟು ಚರಿತ್ರೆ ಅಂಟಿಕೊಂಡಿದೆ. ಸೆಕೆಂಡುಗಳನ್ನು ಎಣಿಸುವ ಗಡಿಯಾರಕ್ಕೆ ಅದು ಬೇಡ. ಅದಕ್ಕೆ ನಾಲ್ಕಕ್ಷರ ಸಾಕು.

ಸತ್ಯಮಂಗಲದಿಂದ ಬಣ್ಣಾರಿಯನ್ನು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿದ ಮೇಲೆ ಸಿಗುವ ಎತ್ತರದ ಸೀಮೆ ತಾಳವಾಡಿ. ನೆಲದ ಮಟ್ಟದಿಂದ ನೋಡಿದರೆ ಅದು ಮೈಸೂರು ಪ್ರಸ್ಥಭೂಮಿಯ ತುದಿ. ಆಡಳಿತದಿಂದ ನೋಡಿದರೆ ಕೆಳಗಿನ ಬಯಲಿನ ಈರೋಡಿಗೆ ಸೇರಿದ್ದು. ಜಿಲ್ಲಾ ಕೇಂದ್ರ ನೂರು ಕಿಲೋಮೀಟರಿಗೂ ಆಚೆ, ಘಾಟಿಯ ಕೆಳಗೆ. ಸುತ್ತಲೂ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡು. 2022ರಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ, ರಾತ್ರಿಯ ಹೊತ್ತು ಆ ಘಾಟಿಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಸಂಜೆಯಾದರೆ ಮನೆಯ ಟಿ.ವಿ. ಮಾತ್ರ ಎರಡು ಭಾಷೆಯಲ್ಲೂ ಮಾತನಾಡುತ್ತದೆ. ಪಠ್ಯಪುಸ್ತಕಕ್ಕೆ, ಪಡಿತರ ಚೀಟಿಗೆ, ಬಸ್ಸಿನ ಫಲಕಕ್ಕೆ ರಾಜ್ಯದ ಗಡಿಯಿದೆ. ಉಪಗ್ರಹದಿಂದ ಇಳಿಯುವ ಅಲೆಗೆ ಇಲ್ಲ. ಬೆಂಗಳೂರಿನ ರಸಪ್ರಶ್ನೆ ತಾಳವಾಡಿಯ ಮನೆಗೆ ನೇರವಾಗಿ ಬರುತ್ತದೆ. ತಾಳವಾಡಿ ಆ ರಸಪ್ರಶ್ನೆಗೆ ಹೋಗುವುದು ಮಾತ್ರ ಬಹುಮಟ್ಟಿಗೆ ‘ಗಾಜನೂರು’ ಎಂಬ ಉತ್ತರದ ರೂಪದಲ್ಲಿ.

ಕನ್ನಡದಲ್ಲಿ ಟಿ.ವಿ. ರಸಪ್ರಶ್ನೆಗೆ ಎರಡು ಮುಖ್ಯ ಮಾದರಿಗಳಿವೆ. ಒಂದು, 2002ರ ಜನವರಿ 4ರಂದು ದೂರದರ್ಶನದ ಚಂದನ ವಾಹಿನಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’. ವೃತ್ತಿಯಿಂದ ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ಅವರು ಇದನ್ನು ನಡೆಸಿಕೊಂಡು ಬಂದಿದ್ದಾರೆ. ಸಾವಿರಾರು ಸಂಚಿಕೆಗಳನ್ನು ಕಂಡ ಈ ಕಾರ್ಯಕ್ರಮದಲ್ಲಿ ಗೆದ್ದವರಿಗೆ ಸಿಗುವ ಬಹುಮಾನ ಪುಸ್ತಕ. ಇನ್ನೊಂದು, 2012ರ ಮಾರ್ಚ್ 12ರಂದು ಸುವರ್ಣ ವಾಹಿನಿಯಲ್ಲಿ ಆರಂಭವಾದ ‘ಕನ್ನಡದ ಕೋಟ್ಯಧಿಪತಿ’. 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿ, 2000ದ ಜುಲೈನಲ್ಲಿ ಅಮಿತಾಭ್ ಬಚ್ಚನ್ ಅವರ ಮೂಲಕ ಹಿಂದಿಗೆ ಬಂದ ಮಾದರಿಯ ಕನ್ನಡ ಅವತರಣಿಕೆಯಿದು. ಇಲ್ಲಿ ಬಹುಮಾನ ಹಣ. ಸ್ಪರ್ಧಿಯ ಎದುರಿನ ಆಸನದಲ್ಲಿ ಕುಳಿತು ಪ್ರಶ್ನೆ ಕೇಳಿದವರು ಪುನೀತ್ ರಾಜಕುಮಾರ್, ಅಂದರೆ ಗಾಜನೂರಿನಲ್ಲಿ ಹುಟ್ಟಿದವರ ಮಗ. ತಾಳವಾಡಿ ಸೀಮೆಯ ಮನೆತನವೊಂದರ ಕುಡಿ ನಾಡಿಗೆಲ್ಲ ಪ್ರಶ್ನೆ ಕೇಳುವ ಪೀಠದಲ್ಲಿ ಕುಳಿತದ್ದು ಅಲ್ಲಿನ ಜನಕ್ಕೆ ಹೆಮ್ಮೆಯ ವಿಷಯವೇ ಸರಿ. ಆದರೆ ಪ್ರಶ್ನೆಯನ್ನು ಓದುವವರು ಬೇರೆ, ಬರೆಯುವವರು ಬೇರೆ.

ಕೋಟಿಯ ಮಾದರಿಯಲ್ಲಿ ಜ್ಞಾನಕ್ಕೆ ಬೆಲೆ ಕಟ್ಟುವ ಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. 2000ದ ಹಿಂದಿ ಕಾರ್ಯಕ್ರಮದಲ್ಲಿ ಒಂದು ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗೆ 15 ಮೆಟ್ಟಿಲುಗಳಿದ್ದವು. ಮೊದಲ ಮೆಟ್ಟಿಲಿನ ಪ್ರಶ್ನೆ ಎಲ್ಲರಿಗೂ ಗೊತ್ತಿರುವಂಥದ್ದು; ಕೊನೆಯದು ಹೆಚ್ಚುಕಡಿಮೆ ಯಾರಿಗೂ ಗೊತ್ತಿಲ್ಲದ್ದು. ಎಲ್ಲರಿಗೂ ಬೇಕಾದ ತಿಳಿವಳಿಕೆ ಇಲ್ಲಿ ಅಗ್ಗ, ದಿನನಿತ್ಯದ ಬಾಳಿಗೆ ಯಾರೂ ಬಳಸದ ತಿಳಿವಳಿಕೆ ತುಟ್ಟಿ. ಸಂತೆಯ ಲೆಕ್ಕದಲ್ಲಿ ಇದು ಸಹಜ: ವಿರಳವಾದದ್ದಕ್ಕೆ ಬೆಲೆ ಹೆಚ್ಚು. ಆದರೆ ವಿರಳ ಎಂದರೆ ಎಲ್ಲಿ ವಿರಳ? ದೀಪಾವಳಿಯ ಬೆನ್ನಿಗೇ ಊರಿನ ಜನ ಸಗಣಿಯ ರಾಶಿಯಲ್ಲಿಳಿದು ಒಬ್ಬರ ಮೇಲೊಬ್ಬರು ಎರಚಿಕೊಳ್ಳುವ ಗೊರೆ ಹಬ್ಬ ನಡೆಯುವ ಊರು ಯಾವುದು ಎಂಬ ಪ್ರಶ್ನೆಯನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ಕೇಳಿದರೆ ಅದು ಲಕ್ಷಗಳ ಮೆಟ್ಟಿಲಿನಲ್ಲಿ ನಿಲ್ಲುತ್ತದೆ. ತಾಳವಾಡಿಯ ಯಾವ ಮಗುವಾದರೂ ಗುಮಟಾಪುರ ಎನ್ನುತ್ತದೆ. ಅಲ್ಲಿ ಅದು ಸಾವಿರ ರೂಪಾಯಿಯ ಪ್ರಶ್ನೆ. ವಿಧಾನಸೌಧವನ್ನು ಕಟ್ಟಿಸಿದ ಮುಖ್ಯಮಂತ್ರಿ ಯಾರೆಂಬುದು ಬೆಂಗಳೂರಿನಲ್ಲಿ ಮೊದಲ ಮೆಟ್ಟಿಲಿಗೆ ಸಲ್ಲುವ ಪ್ರಶ್ನೆ. ತಮಿಳುನಾಡಿನ ಪಠ್ಯವನ್ನು ಓದಿ ಬೆಳೆದ ತಾಳವಾಡಿಯ ವಿದ್ಯಾರ್ಥಿಗೆ ಕೆಂಗಲ್ ಹನುಮಂತಯ್ಯನವರ ಹೆಸರು ಮೇಲಿನ ಮೆಟ್ಟಿಲಿನದು. ಏಣಿ ಒಂದೇ, ನಿಂತ ನೆಲ ಬದಲಾದಂತೆ ಅದು ತಲೆಕೆಳಗಾಗುತ್ತದೆ. ಪ್ರಶ್ನೆಯ ಕಾಠಿಣ್ಯವೆಂಬುದು ಪ್ರಶ್ನೆಯೊಳಗೆ ಇರುವುದಿಲ್ಲ, ಕೇಳುವವನಿಗೂ ಉತ್ತರಿಸುವವನಿಗೂ ನಡುವೆ ಇರುವ ದೂರದಲ್ಲಿರುತ್ತದೆ. ‘ಸಾಮಾನ್ಯ ಜ್ಞಾನ’ ಎಂಬ ಹೆಸರು ಈ ದೂರವನ್ನು ಮರೆಮಾಚುತ್ತದೆ. ಒಂದು ಸೀಮೆಯವರಿಗೆ ಸಾಮಾನ್ಯವಾದದ್ದನ್ನು ಎಲ್ಲರಿಗೂ ಸಾಮಾನ್ಯವೆಂದು ಅದು ಸಾರುತ್ತದೆ. ಅದನ್ನು ಅರಿಯದವರು ಅಜ್ಞಾನಿಗಳಾಗುತ್ತಾರೆ.

ಇದೇ ಮಾದರಿಯಲ್ಲಿ ‘ಪ್ರೇಕ್ಷಕರ ಮತ’ ಎಂಬ ಸಹಾಯವೊಂದಿದೆ. ಉತ್ತರ ತಿಳಿಯದ ಸ್ಪರ್ಧಿ ಸಭಿಕರನ್ನು ಕೇಳಬಹುದು. ಹೆಚ್ಚು ಜನ ಒತ್ತಿದ ಗುಂಡಿ ಅವನ ದಾರಿ. ಗಾಜನೂರಿನ ಜಿಲ್ಲೆಯ ಬಗ್ಗೆ ಬೆಂಗಳೂರಿನ ಸಭಿಕರ ಮತ ಕೇಳಿದರೆ ಚಾಮರಾಜನಗರವೇ ಗೆದ್ದರೂ ಆಶ್ಚರ್ಯಪಡಬೇಕಿಲ್ಲ.

ಪ್ರಶ್ನೆ ಮತ್ತು ಉತ್ತರಗಳ ಆಟ ಕನ್ನಡಕ್ಕೆ ಟಿ.ವಿ.ಯಿಂದ ಬಂದದ್ದಲ್ಲ ಎಂಬುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಗಟು, ಒಡಪು, ಮುಂಡಿಗೆ, ಪ್ರಹೇಳಿಕೆಗಳು ಪಠ್ಯದಲ್ಲೇ ಇವೆ. ಒಗಟಿಗೂ ರಸಪ್ರಶ್ನೆಗೂ ಇರುವ ಅಂತರ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ಒಗಟು ತನ್ನ ಉತ್ತರವನ್ನು ತನ್ನ ಮೈಯಲ್ಲೇ ಬಚ್ಚಿಟ್ಟುಕೊಂಡಿರುತ್ತದೆ. ಬಣ್ಣ, ಆಕಾರ, ನಡೆ, ಸದ್ದು ಹೀಗೆ ಯಾವುದೋ ಸುಳಿವು ಅದರ ಮಾತಿನಲ್ಲೇ ಇರುತ್ತದೆ. ಹೊಲ, ಅಡುಗೆಮನೆ, ಕೊಟ್ಟಿಗೆಗಳನ್ನು ಕಣ್ಣಿಟ್ಟು ನೋಡಿದ ಯಾರಾದರೂ ಅದನ್ನು ಬಿಡಿಸಬಹುದು. ಬಿಡಿಸಲಾಗದವನಿಗೆ ಉತ್ತರ ಕೇಳಿದಾಗ ‘ಇಷ್ಟೇ ತಾನೆ’ ಎಂಬ ನಗು ಬರುತ್ತದೆ. ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲಿ ಈ ಸುಳಿವು ಇರುವುದಿಲ್ಲ. ಉತ್ತರ ಬೇರೆಲ್ಲೋ ಒಂದು ಪುಸ್ತಕದಲ್ಲಿ, ಕಡತದಲ್ಲಿ ಇದೆ. ಅಲ್ಲಿಗೆ ಮೊದಲೇ ಹೋಗಿಬಂದವನಿಗೆ ಮಾತ್ರ ಅದು ಗೊತ್ತು. ಎಷ್ಟು ಯೋಚಿಸಿದರೂ, ಎಷ್ಟು ಜಾಣನಾದರೂ, ಹೋಗದವನಿಗೆ ಅದು ಹೊಳೆಯುವುದಿಲ್ಲ. ಒಗಟು ಬುದ್ಧಿಯನ್ನು ಕೇಳುತ್ತದೆ, ರಸಪ್ರಶ್ನೆ ಪ್ರವೇಶಪತ್ರವನ್ನು ಕೇಳುತ್ತದೆ. ಮಹಾಭಾರತದ ಯಕ್ಷಪ್ರಶ್ನೆಯೂ ಸ್ಪರ್ಧೆಯೇ. ಪಣಕ್ಕಿದ್ದದ್ದು ನಾಲ್ವರು ತಮ್ಮಂದಿರ ಜೀವ. ಅಲ್ಲಿ ಯಕ್ಷ ಯಾವ ರಾಜ್ಯದ ರಾಜಧಾನಿಯನ್ನೂ ಕೇಳಲಿಲ್ಲ. ಭೂಮಿಗಿಂತ ಭಾರವಾದದ್ದು, ಗಾಳಿಗಿಂತ ವೇಗವಾದದ್ದು ಯಾವುದೆಂದು ಕೇಳಿದ. ಬದುಕನ್ನು ಯೋಚಿಸಿ ನೋಡಿದವನು ಮಾತ್ರ ಉತ್ತರಿಸಬಹುದಾದ ಪ್ರಶ್ನೆಗಳವು.

ಟಿ.ವಿ. ರಸಪ್ರಶ್ನೆಯೂ ಬದುಕಿನಿಂದಲೇ ಉತ್ತರ ಪಡೆಯುತ್ತದೆ ಎಂಬ ಸುಂದರ ಕಲ್ಪನೆಯೊಂದಿದೆ. ವಿಕಾಸ್ ಸ್ವರೂಪ್ ಅವರ 2005ರ ಇಂಗ್ಲಿಷ್ ಕಾದಂಬರಿ, ಅದನ್ನು ಆಧರಿಸಿ 2008ರಲ್ಲಿ ಬಂದ ‘ಸ್ಲಂಡಾಗ್ ಮಿಲಿಯನೇರ್’ ಚಲನಚಿತ್ರ ಎರಡೂ ನಿಂತಿರುವುದು ಇದರ ಮೇಲೆ. ಬಡ ಹುಡುಗನೊಬ್ಬನ ಬಾಳಿನಲ್ಲಿ ಆದದ್ದನ್ನೇ ಪ್ರಶ್ನೆಗಳು ಕೇಳುತ್ತವೆ, ಅವನು ಗೆಲ್ಲುತ್ತಾನೆ, ಮೋಸ ಮಾಡಿರಬೇಕೆಂದು ಪೊಲೀಸರು ಹಿಡಿಯುತ್ತಾರೆ. ಕತೆಯಾಗಿ ಚೆನ್ನಾಗಿದೆ. ವಾಸ್ತವದಲ್ಲಿ ಪ್ರಶ್ನೆಗಳು ದಿಂಬಂ ಘಾಟಿಯನ್ನು ಹತ್ತಿ ಯಾರ ಬಾಳನ್ನೂ ಹುಡುಕಿಕೊಂಡು ಬರುವುದಿಲ್ಲ. ಬಾಳು ಬೇಕಾಗುವುದು ಬೇರೊಂದು ಕಾರಣಕ್ಕೆ. ಪ್ರಶ್ನೆ ಆರಂಭವಾಗುವ ಮುನ್ನ ಸ್ಪರ್ಧಿಯ ಹಳ್ಳಿ, ಸೋರುವ ಮಾಡು, ತಾಯಿಯ ದುಡಿಮೆಗಳನ್ನು ಚಿತ್ರೀಕರಿಸಿ ತೋರಿಸುವುದು ಈ ಕಾರ್ಯಕ್ರಮಗಳ ರೂಢಿ. ಸಭಿಕರ ಕಣ್ಣು ತೇವವಾಗುತ್ತದೆ. ಅನಂತರದ ಪ್ರಶ್ನೆಗಳಲ್ಲಿ ಆ ಹಳ್ಳಿಯ ಒಂದು ಸಂಗತಿಯೂ ಬರುವುದು ಅಪರೂಪ. ಕಷ್ಟ ತೋರಿಕೆಗೆ ಸಲ್ಲುತ್ತದೆ, ಜ್ಞಾನಕ್ಕೆ ಸಲ್ಲುವುದಿಲ್ಲ. ಅಮೆರಿಕದಲ್ಲಿ 1950ರ ದಶಕದ ‘ಟ್ವೆಂಟಿ ಒನ್’ ಎಂಬ ರಸಪ್ರಶ್ನೆಯ ನಿರ್ಮಾಪಕರು ಈ ತೋರಿಕೆಯನ್ನು ಇನ್ನೂ ಮುಂದೆ ಒಯ್ದಿದ್ದರು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರನ್ ಅವರಿಗೆ ಉತ್ತರಗಳನ್ನು ಮೊದಲೇ ಕೊಟ್ಟಿದ್ದರು, ತಡವರಿಸಿ ಯೋಚಿಸುವಂತೆ ನಟಿಸುವುದನ್ನೂ ಕಲಿಸಿದ್ದರು. 1959ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಅವರು ಅದನ್ನು ಒಪ್ಪಿಕೊಂಡರು. ಪ್ರೇಕ್ಷಕರು ಕೊಂಡುಕೊಳ್ಳುತ್ತಿದ್ದದ್ದು ಉತ್ತರವನ್ನಲ್ಲ, ಉತ್ತರಕ್ಕಾಗಿ ಬೆವರುವ ಮುಖವನ್ನು ಎಂಬುದು ಅಂದಿನಿಂದಲೂ ಗುಟ್ಟಾಗಿ ಉಳಿದಿಲ್ಲ.

ತಾಳವಾಡಿಯಿಂದ ಒಬ್ಬ ಸ್ಪರ್ಧಿ ಹೊರಟರೆ ಅವನು, ಅಥವಾ ಅವಳು, ಏನನ್ನು ಓದಿರಬೇಕು? ಉತ್ತರ ಸಣ್ಣದಲ್ಲ. 2006ರ ತಮಿಳು ಕಲಿಕಾ ಕಾಯ್ದೆಯಾದ ಮೇಲೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ ಭಾಷೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ವಿನಾಯಿತಿ ಬೇಕೆಂಬ ವಿಚಾರ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 2021ರ ಕೊನೆಯಲ್ಲಿ ಹೊರಟ ಆದೇಶದಂತೆ ಅಲ್ಲಿನ ಸರಕಾರಿ ಉದ್ಯೋಗದ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯಲ್ಲಿ ತೇರ್ಗಡೆಯಾಗುವುದು ಅನಿವಾರ್ಯ. ಆದ್ದರಿಂದ ಅನ್ನಕ್ಕಾಗಿ ತಿರುಕ್ಕುರಳ್ ಬೇಕು, ಸಂಗಂ ಸಾಹಿತ್ಯ ಬೇಕು, ಅಖಿಲನ್, ಜಯಕಾಂತನ್ ಅವರ ಹೆಸರು ಬೇಕು. ಘಾಟಿಯ ಮೇಲಿನ ಮಾತಿಗಾಗಿ, ಚಾಮರಾಜನಗರ ಮೈಸೂರುಗಳ ಕಾಲೇಜಿಗಾಗಿ ಪಂಪ ಬೇಕು, ವಚನ ಬೇಕು, ಕುವೆಂಪು ಅವರಿಂದ ಕಂಬಾರರವರೆಗಿನ ಎಂಟು ಜ್ಞಾನಪೀಠಗಳು ಬೇಕು. ಬೆಂಗಳೂರಿನ ವಿದ್ಯಾರ್ಥಿ ಒಂದು ರಾಜ್ಯದ ಸಾಮಾನ್ಯ ಜ್ಞಾನವನ್ನು ಓದಿದರೆ ತಾಳವಾಡಿಯ ವಿದ್ಯಾರ್ಥಿ ಎರಡನ್ನು ಓದಬೇಕು. ಹಾಗೆ ಓದಿದವರ ತಿಳಿವಳಿಕೆ ಇಮ್ಮಡಿ ಎಂದು ಯಾವ ಕಾರ್ಯಕ್ರಮವೂ ಎಣಿಸುವುದಿಲ್ಲ. ಕನ್ನಡದ ರಸಪ್ರಶ್ನೆಯಲ್ಲಿ ಅವರ ತಮಿಳಿಗೆ ಅಂಕವಿಲ್ಲ, ತಮಿಳಿನದರಲ್ಲಿ ಕನ್ನಡಕ್ಕಿಲ್ಲ. ಎರಡು ಕಡೆಯೂ ಅವರು ಅರ್ಧ ಓದಿ ಬಂದವರಂತೆ ಕಾಣುತ್ತಾರೆ. ಗಡಿನಾಡಿನ ಕನ್ನಡಿಗರ ಬಗ್ಗೆ ನವೆಂಬರಿನಲ್ಲಿ ಆಡುವ ಕನಿಕರದ ಮಾತುಗಳಲ್ಲಿ ಈ ಅನ್ಯಾಯ ಕೇಳಿಸುವುದಿಲ್ಲ. ಕನಿಕರ ಪಡುವವರಿಗೆ ಎದುರಿನವರು ತಮಗಿಂತ ಹೆಚ್ಚು ಬಲ್ಲವರಿರಬಹುದೆಂಬ ಅನುಮಾನ ಬರುವುದಿಲ್ಲವಲ್ಲ!

ಇದು ಟಿ.ವಿ.ಯ ದೋಷ ಮಾತ್ರವಾಗಿದ್ದರೆ ಕನ್ನಡ ವಿಭಾಗದ ಪತ್ರಿಕೆಯಲ್ಲಿ ಚರ್ಚಿಸುವ ಅಗತ್ಯವಿರಲಿಲ್ಲ. ಐಚ್ಛಿಕ ಕನ್ನಡದ ವಿದ್ಯಾರ್ಥಿಯೇ ಇಂದು ಒಬ್ಬ ಸ್ಪರ್ಧಿ. ಪದವಿ, ಸ್ನಾತಕೋತ್ತರ ಪದವಿ ಮುಗಿಸಿ ಅಧ್ಯಾಪಕ ವೃತ್ತಿಗೆ ಹೋಗಬೇಕಾದರೆ ಎದುರಿಸಬೇಕಾದ ನೆಟ್ ಪರೀಕ್ಷೆಯಲ್ಲಿ 150 ಪ್ರಶ್ನೆಗಳು, ಅವುಗಳಲ್ಲಿ 100 ವಿಷಯಕ್ಕೆ ಸಂಬಂಧಿಸಿದವು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಕೃತಿಗೆ ಕರ್ತೃವನ್ನು ಹೊಂದಿಸುವುದು, ಕವಿಗೆ ಆಶ್ರಯದಾತನನ್ನು ಹೊಂದಿಸುವುದು, ಪ್ರಕಟವಾದ ವರ್ಷಗಳನ್ನು ಕಾಲಾನುಕ್ರಮದಲ್ಲಿ ಇಡುವುದು. ಇದಕ್ಕೆ ತಯಾರಾಗುವವರ ಕೈಯಲ್ಲಿ ಕಾವ್ಯಗಳು ಇರುವುದು ಕಡಿಮೆ. ಕಾವ್ಯಗಳ ಪಟ್ಟಿಯಿರುವ ಕೈಪಿಡಿಗಳು ಇರುತ್ತವೆ. ಶ್ರೀವಿಜಯನ ಹೆಸರನ್ನು ಥಟ್ಟನೆ ಹೇಳುವವರೆಲ್ಲ ಕವಿರಾಜಮಾರ್ಗವನ್ನು ತೆರೆದು ನೋಡಿದವರಲ್ಲ. ಆ ಕೃತಿಯು ಕನ್ನಡನಾಡಿನ ಎಲ್ಲೆಯನ್ನು ಯಾವ ಎರಡು ನದಿಗಳಿಂದ ಗುರುತಿಸುತ್ತದೆ ಎಂಬುದು ಮೊದಲ ಮೆಟ್ಟಿಲಿನ ಪ್ರಶ್ನೆ. ದಕ್ಷಿಣದ ಎಲ್ಲೆ ಕಾವೇರಿಯಾದರೆ ತಾಳವಾಡಿ ಆ ನಾಡಿನ ಹೊರಗೆ ಬಿತ್ತು ಎಂದು ಯಾರಾದರೂ ವಾದಿಸಬಹುದು. ನಕಾಶೆ ಬಿಡಿಸಿದರೆ ಮೈಸೂರು ನಗರವೂ ಕಾವೇರಿಯ ದಕ್ಷಿಣಕ್ಕೇ ಇದೆ. ಉತ್ತರವನ್ನು ಬಾಯಿಪಾಠ ಮಾಡಿದವರಿಗೆ ಈ ನಗು ದಕ್ಕುವುದಿಲ್ಲ.

ಮಂಟೇಸ್ವಾಮಿ, ಮಲೆಯ ಮಾದೇಶ್ವರರ ಕಾವ್ಯಗಳ ವಿಷಯದಲ್ಲಿ ಈ ಸ್ಥಿತಿ ಇನ್ನೂ ವಿಚಿತ್ರ. ಈ ಕಾವ್ಯಗಳನ್ನು ಸಂಪಾದಿಸಿದವರು ಯಾರು, ಹಾಡುವ ವೃತ್ತಿಗಾಯಕರನ್ನು ಏನೆಂದು ಕರೆಯುತ್ತಾರೆ ಎಂಬ ಪ್ರಶ್ನೆಗಳು ಬರುತ್ತವೆ. ನೀಲಗಾರರು, ದೇವರಗುಡ್ಡರು ಎಂದು ಗುರುತು ಹಾಕಿದವರಿಗೆ ಅಂಕ. ತಂಬೂರಿ ಹಿಡಿದು ರಾತ್ರಿಯಿಡೀ ಆ ಕಾವ್ಯವನ್ನು ಹಾಡುವ ನೀಲಗಾರ ಇದೇ ಪರೀಕ್ಷೆಗೆ ಕುಳಿತರೆ ಸಂಪಾದಕರ ಹೆಸರು ತಿಳಿಯದೆ ಸೋಲಬಹುದು. ಕಾವ್ಯವನ್ನು ಬಲ್ಲವನು ಸೋತು, ಕಾವ್ಯದ ಬಗ್ಗೆ ಬಲ್ಲವನು ಗೆಲ್ಲುವ ಪರೀಕ್ಷೆಯನ್ನು ವಿಭಾಗಗಳು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡಿವೆ. ರಾಜಕುಮಾರ್ ಅವರೇ ಪ್ರಾಥಮಿಕ ಹಂತದಲ್ಲಿ ಶಾಲೆ ಬಿಟ್ಟು, ನಾಟಕ ಕಂಪನಿಗಳಲ್ಲಿ ಕಿವಿಯಿಂದ ಕನ್ನಡ ಕಲಿತವರು. ಹಳಗನ್ನಡದ ಗತ್ತಿನ ಸಂಭಾಷಣೆಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ ಅವರಿಗೆ ಮೈಸೂರು ವಿಶ್ವವಿದ್ಯಾನಿಲಯ 1976ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ನಾಲ್ಕು ಆಯ್ಕೆಗಳ ಪ್ರಶ್ನೆಪತ್ರಿಕೆಯಿಂದ ಆ ಪದವಿ ಬರುತ್ತಿರಲಿಲ್ಲ.

ಹಾಗೆಂದು ರಸಪ್ರಶ್ನೆಯನ್ನು ತಿರಸ್ಕರಿಸುವುದು ವಿವೇಕವಲ್ಲ. ಪದವಿಯಿಲ್ಲದವರೂ ವಿದ್ವಾಂಸರ ಸಮಕ್ಕೆ ಕೂರಬಹುದಾದ ಕೆಲವೇ ಆಸನಗಳಲ್ಲಿ ಸ್ಪರ್ಧಿಯ ಆಸನವೂ ಒಂದು. ಸಣ್ಣ ಊರುಗಳ ಗೃಹಿಣಿಯರು, ಅಂಗಡಿಯವರು, ನಿವೃತ್ತ ನೌಕರರು ಕ್ಯಾಮೆರಾದ ಮುಂದೆ ತಮ್ಮ ಓದನ್ನು ಧೈರ್ಯವಾಗಿ ಒರೆಗೆ ಹಚ್ಚುವುದನ್ನು ನೋಡುವುದೇ ಒಂದು ಸಂತೋಷ. ನೆಟ್ಟಗಿನ ಮಾಹಿತಿಯಿಲ್ಲದ ವಿಮರ್ಶೆ ಬರೀ ಗಾಳಿಮಾತಾಗುತ್ತದೆಂಬುದೂ ನಿಜ. ‘ಥಟ್ ಅಂತ ಹೇಳಿ’ ಬಹುಮಾನವಾಗಿ ಪುಸ್ತಕವನ್ನು ಇಟ್ಟದ್ದರಲ್ಲಿ ಆಳವಾದ ತಿಳಿವಳಿಕೆಯಿದೆ. ಹಣ ಪ್ರಶ್ನೆಯನ್ನು ಮುಗಿಸುತ್ತದೆ, ಪುಸ್ತಕ ಮುಂದುವರಿಸುತ್ತದೆ. 1985ರ ‘ಬೆಟ್ಟದ ಹೂವು’ ಚಿತ್ರದಲ್ಲಿ ಬಾಲಕ ಪುನೀತ್ ಮಾಡಿದ ಪಾತ್ರ ಈ ಸಂದರ್ಭದಲ್ಲಿ ತಾನಾಗಿ ನೆನಪಿಗೆ ಬರುತ್ತದೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಸು ಕೂಡಿಡುವ ಬಡ ಹಳ್ಳಿಯ ಹುಡುಗನ ಪಾತ್ರವದು. ಅದಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆ ಹುಡುಗನಿಗೆ ಕೋಟ್ಯಧಿಪತಿಯ ಆಸನಕ್ಕಿಂತ ಚಂದನದ ಸ್ಟುಡಿಯೋ ಹೆಚ್ಚು ಒಗ್ಗುತ್ತಿತ್ತು.

ತಿದ್ದಬೇಕಾದದ್ದು ಉತ್ತರಿಸುವವರನ್ನಲ್ಲ, ಪ್ರಶ್ನೆ ಬರೆಯುವ ಪದ್ಧತಿಯನ್ನು. ವಾಹಿನಿಗಳ ಪ್ರಶ್ನಕಾರರಿಗೆ ಹೇಳಿ ಬದಲಾಯಿಸುವುದು ದೂರದ ಮಾತು. ಕಾಲೇಜಿನ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ನಡೆಸುವ ರಸಪ್ರಶ್ನೆ ಸ್ಪರ್ಧೆ ಕೈಗೆಟಕುವಂಥದ್ದು. ಆ ಸ್ಪರ್ಧೆಗೆ ಸಿದ್ಧ ಪುಸ್ತಕಗಳಿಂದ ಪ್ರಶ್ನೆಗಳನ್ನು ನಕಲು ಮಾಡುವ ಅಭ್ಯಾಸ ಮೊದಲು ನಿಲ್ಲಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನಲ್ಲಿ ಮೊದಲ ಮೆಟ್ಟಿಲಿಗೆ ಸಲ್ಲುವ, ಕಾಲೇಜಿನಲ್ಲಿ ಕೊನೆಯ ಮೆಟ್ಟಿಲಿಗೆ ಸಲ್ಲುವ ಒಂದು ಪ್ರಶ್ನೆಯನ್ನು ಬರೆದು ತರಲಿ. ಉತ್ತರದ ಜೊತೆಗೆ ಅದು ಯಾರಿಂದ ತಿಳಿಯಿತು ಎಂಬುದನ್ನೂ ಬರೆಯಲಿ: ಅಜ್ಜಿಯಿಂದಲೋ, ಗುಡಿಯ ತಮ್ಮಡಿಯಿಂದಲೋ, ಶಾನುಭೋಗರ ಹಳೆಯ ಲೆಕ್ಕದ ಪುಸ್ತಕದಿಂದಲೋ. ಗಡಿಯಾಚೆಯ ಊರುಗಳಿಂದ ಬಂದ ಸಹಪಾಠಿಗಳಿದ್ದರೆ ಅವರನ್ನು ತೀರ್ಪುಗಾರರ ಮೇಜಿನಲ್ಲಿ ಕೂರಿಸಲಿ. ಒಂದು ವರ್ಷವಾದರೂ ಅವರು ಪ್ರಶ್ನೆ ಕೇಳಲಿ, ಉಳಿದವರು ತಡವರಿಸಲಿ. ಬಹುಮಾನ ಪುಸ್ತಕವೇ ಇರಲಿ.

ತಾಳವಾಡಿಯ ವಿದ್ಯಾರ್ಥಿಯೊಬ್ಬಳು ಅಂಥ ಸ್ಪರ್ಧೆಗೆ ಪ್ರಶ್ನೆ ಬರೆದರೆ ಅದು ದಿಂಬಂ ತಿರುವುಗಳ ಸಂಖ್ಯೆಯ ಬಗ್ಗೆ ಇರಬಹುದು, ಗುಮಟಾಪುರದ ಹಬ್ಬದ ಬಗ್ಗೆ ಇರಬಹುದು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂದಾಗ ಪಕ್ಕದ ತಾಳವಾಡಿ ಏಕೆ ಬರಲಿಲ್ಲ ಎಂದೂ ಅವಳು ಕೇಳಬಹುದು. ಈ ಕೊನೆಯ ಪ್ರಶ್ನೆಗೆ ನಾಲ್ಕು ಆಯ್ಕೆಗಳನ್ನು ಕೊಡಲಾಗುವುದಿಲ್ಲ, ಗಡಿಯಾರವನ್ನೂ ಇಡಲಾಗುವುದಿಲ್ಲ. ಅದಕ್ಕೆ ಉತ್ತರಿಸ ಹೊರಟ ತಂಡಕ್ಕೆ ಮುಂದಿನ ವರ್ಷದ ಸ್ಪರ್ಧೆಯವರೆಗೆ ಕಾಲಾವಕಾಶ ಕೊಡುವುದು ಸೂಕ್ತ.